ಷರಾ ಕಾಲಂ

ಪಿಎಚ್.ಡಿ.ಗೆ ಸೇರುವ ಮೊದಲು ಎರಡು ವರ್ಷ ಖಾನಾಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ದಿನವೂ ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಾಠ ಮಾಡುವುದು ಎಂದೂ ಭಾರವೆನಿಸಲಿಲ್ಲ. ಭಾರವೆನಿಸಿದ್ದು ಪ್ರಗತಿ ಪತ್ರ ತುಂಬುವುದು. ಆರನೇ ತರಗತಿಯಲ್ಲಿ 38 ಮಕ್ಕಳು, ಆರು ವಿಷಯಗಳು. ಅಂದರೆ ಒಂದು ಸಲಕ್ಕೆ 228 ಶ್ರೇಣಿಗಳು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ವಹಿಯಲ್ಲಿ ಬರೆದದ್ದನ್ನೇ ಮತ್ತೆ ಆನ್‌ಲೈನ್‌ಗೂ ಏರಿಸಬೇಕು. ನೆಟ್‌ವರ್ಕ್ ಸರಿಯಾಗಿ ಸಿಗದ ಊರಾದ್ದರಿಂದ ಆ ಕೆಲಸ ನಾನು ಸಂಜೆ ಬೆಳಗಾವಿಗೆ ಮರಳುವ ತನಕ ಕಾಯುತ್ತಿತ್ತು.

ಅಂಕಗಳ ಕೆಲಸ ಬೇಸರ ತರಿಸುತ್ತದೆ, ಅಷ್ಟೇ. ಹಿಂಸೆ ಶುರುವಾಗುವುದು ಕೊನೆಯಲ್ಲಿರುವ ಷರಾ ಕಾಲಂನಲ್ಲಿ. ಎರಡು ಬೆರಳಗಲದ ಜಾಗದಲ್ಲಿ ಒಂದು ಮಗುವಿನ ಬಗ್ಗೆ ಒಂದು ವಾಕ್ಯ. ಮೊದಲ ಹತ್ತು ಮಕ್ಕಳಿಗೆ ಯೋಚಿಸಿ ಬರೆಯುತ್ತಿದ್ದೆ. ಹನ್ನೊಂದನೆಯ ಮಗುವಿನಿಂದ ಕೈ ತಾನಾಗಿಯೇ ಓಡುತ್ತಿತ್ತು: ‘ಉತ್ತಮ’, ‘ಇನ್ನೂ ಪ್ರಯತ್ನ ಬೇಕು’, ‘ಪಾಲಕರು ಗಮನ ಕೊಡಬೇಕು’. ಮಳೆಗಾಲದಲ್ಲಿ ಹಳ್ಳ ತುಂಬಿ ಬರಲಾಗದ ಹುಡುಗನಿಗೂ, ಸುಮ್ಮನೆ ತಪ್ಪಿಸಿಕೊಂಡ ಹುಡುಗನಿಗೂ ‘ಹಾಜರಾತಿ ಕಡಿಮೆ’ ಎಂಬ ಒಂದೇ ಷರಾ. ಬರೆದದ್ದು ಸುಳ್ಳಲ್ಲ, ಆದರೆ ಹಳ್ಳದ ಸುದ್ದಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮನೆಮಾತು ಮರಾಠಿ, ಶಾಲೆಯ ಮಾಧ್ಯಮ ಕನ್ನಡ. ಈ ಭಾಗದಲ್ಲಿ ಇದು ಹೊಸತೇನಲ್ಲ. ಅಕ್ಷರಗಳ ಕೆಳಗೆ ಬೆರಳಿಟ್ಟು, ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು. ಅವಳ ಪತ್ರದಲ್ಲಿ ‘ಓದಿನಲ್ಲಿ ಹಿಂದುಳಿದಿದ್ದಾಳೆ’ ಎಂದು ಬರೆದೆ. ದಸರೆ ರಜೆ ಮುಗಿದ ಮೇಲೆ ಪಾಲಕರನ್ನು ಕರೆಸಿದ್ದ ದಿನ ಅವಳ ತಾಯಿಯೂ ಬಂದರು. ಹೆಬ್ಬೆಟ್ಟು ಒತ್ತುವ ಮೊದಲು, ತಮಗೆ ಬರುವಷ್ಟು ಕನ್ನಡದಲ್ಲಿ ಕೇಳಿದರು: “ಸರ್, ಇದರಾಗ ಏನ್ ಬರದೀರಿ? ನನಗ ಓದಾಕ ಬರೂದಿಲ್ರಿ.”

ನಾನು ಬರೆದದ್ದನ್ನು ನನಗೇ ಓದಿ ಹೇಳಲಾಗಲಿಲ್ಲ. “ಚಲೋ ಓದತಾಳ್ರಿ ಅಕ್ಕಾರ” ಎಂದೆ. ತಾಯಿ ನಕ್ಕು ಮಗಳ ತಲೆ ಸವರಿದರು. ಹುಡುಗಿ ಪತ್ರದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಬೆರಳು ನನ್ನ ಷರಾದ ಕೊನೆಯ ತನಕ ಬಂತು. ಆಮೇಲೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ತಪ್ಪಿದ್ದು ಬರೆಯುವಾಗಲೋ, ಹೇಳುವಾಗಲೋ? ಅಪ್ರಿಯವಾದ ಸತ್ಯ ಬೇಡ, ಪ್ರಿಯವಾದ ಸುಳ್ಳೂ ಬೇಡ ಎನ್ನುವ ಹಳೆಯ ನೀತಿ ನಮಗೆಲ್ಲ ಗೊತ್ತು. ಎರಡನ್ನೂ ಬಿಟ್ಟರೆ ಉಳಿಯುವುದು ಮೌನ. ಪ್ರಗತಿ ಪತ್ರದಲ್ಲಿ ಮೌನಕ್ಕೆ ಜಾಗವಿಲ್ಲ. ಕಾಲಂ ಖಾಲಿ ಬಿಟ್ಟರೆ ಪತ್ರ ವಾಪಸ್ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್‌ನಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲೇ ಇವೆ: ಮಗುವನ್ನು ಭಯ, ಆತಂಕಗಳಿಂದ ಬಿಡಿಸಬೇಕು, ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು. ಕಾಯ್ದೆಯಲ್ಲಿ ನೆರೆಹೊರೆಯಾಗಿರುವ ಇವೆರಡನ್ನೂ ಒಂದೇ ವಾಕ್ಯದೊಳಗೆ ಕೂರಿಸುವ ಕೆಲಸ ಶಿಕ್ಷಕರ ಪಾಲಿಗೆ ಬಂದಿದೆ.

ಮೊದಮೊದಲು ನನ್ನ ಸುಳ್ಳನ್ನು ಕರುಣೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ತಾಯಿ ಒಂದು ದಿನದ ಕೂಲಿ ಬಿಟ್ಟು ಮಗಳ ಸಂಗತಿ ತಿಳಿಯಲು ಬಂದಿದ್ದರು. ತಿಳಿಯುವ ಹಕ್ಕೇ ಇಲ್ಲದವರಂತೆ ಅವರನ್ನು ನಡೆಸಿಕೊಂಡೆ. ನಾನು ಮುಚ್ಚಿಟ್ಟುಕೊಂಡದ್ದು ನನ್ನ ಮುಜುಗರವನ್ನು.

ಹಾಗೆಂದು ಬರೆದದ್ದಾದರೂ ಸತ್ಯವೇ? ಹಿಂದುಳಿದಿದ್ದಾಳೆ ಎಂದರೆ ಯಾರಿಗಿಂತ? ಮನೆಯಲ್ಲಿ ಕನ್ನಡ ಕೇಳುತ್ತಲೇ ಬೆಳೆದವರಿಗಿಂತ. ಜೂನ್‌ನಲ್ಲಿ ಒತ್ತಕ್ಷರ ಬಂದರೆ ಸಾಕು, ಅವಳ ಓದು ನಿಂತುಬಿಡುತ್ತಿತ್ತು. ದಸರೆಯ ಹೊತ್ತಿಗೆ ನಿಧಾನವಾಗಿಯಾದರೂ ಅದನ್ನು ದಾಟುತ್ತಿದ್ದಳು. ಇದನ್ನು ಕಂಡವನು ನಾನೊಬ್ಬನೇ. ಬರೆಯದೆ ಬಿಟ್ಟವನೂ ನಾನೇ. ‘ಈಗ ಒತ್ತಕ್ಷರ ಓದುತ್ತಾಳೆ, ಇನ್ನು ವೇಗ ಬರಬೇಕು’ ಎಂದು ಬರೆದಿದ್ದರೆ ತಾಯಿಯ ಮುಂದೆ, ಮಗಳ ಮುಂದೆ ಗಟ್ಟಿಯಾಗಿ ಓದಬಹುದಿತ್ತು. ಕೊರತೆಯೂ ಅದರಲ್ಲಿ ಇರುತ್ತಿತ್ತು, ಮಗುವೂ ಇರುತ್ತಿತ್ತು.

38 ಮಕ್ಕಳಿಗೆ ಹೀಗೆ ಬರೆಯಲು ಹೊತ್ತೆಲ್ಲಿದೆ ಎಂದು ಶಿಕ್ಷಕ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನನಗೂ ಹೊತ್ತಿರಲಿಲ್ಲ. ಆದರೆ ಹೊತ್ತಿಲ್ಲದಿರುವುದು ನನ್ನ ತೊಂದರೆ. ಅದರ ಷರಾ ಮಗುವಿನ ಹೆಸರಿನ ಮುಂದೆ ಬೀಳಬಾರದು.

ಈಗ ಬೆಳಗಾವಿಯಲ್ಲಿ ನಾನೇ ವಿದ್ಯಾರ್ಥಿ. ಆರು ತಿಂಗಳಿಗೊಮ್ಮೆ ನನ್ನದೂ ಒಂದು ಪ್ರಗತಿ ವರದಿ ಹೋಗುತ್ತದೆ, ‘ಪ್ರಗತಿ ತೃಪ್ತಿಕರ’ ಎಂದು ಬರೆಸಿಕೊಂಡು ಮರಳುತ್ತದೆ. ನಾನು ಬರೆದದ್ದನ್ನು ಯಾರಾದರೂ ಓದಿದರೇ ಎಂದು ಆ ಎರಡು ಪದಗಳಲ್ಲಿ ಹುಡುಕುತ್ತೇನೆ. ಆಗೆಲ್ಲ ಆ ಹುಡುಗಿಯ ಬೆರಳು ನೆನಪಾಗುತ್ತದೆ. ‘ಓದಿನಲ್ಲಿ ಹಿಂದುಳಿದಿದ್ದಾಳೆ’: ಎರಡು ಪದ, ಎರಡರಲ್ಲೂ ಒಂದೊಂದು ಒತ್ತಕ್ಷರ. ಅವೆರಡನ್ನೂ ದಾಟಿಯೇ ಅವಳು ನನ್ನತ್ತ ನೋಡಿದ್ದಳು.