‘ನಾನು’ ಮತ್ತು ‘ನಾವು’

ವರ್ಷಾಂತ್ಯದ ಸ್ವಮೌಲ್ಯಮಾಪನದ ನಮೂನೆಯನ್ನು ತುಂಬಿ, ಮತ್ತೊಮ್ಮೆ ಓದಿದಾಗ ನಾಚಿಕೆಯಾಯಿತು. ಗೆಲುವಿನ ಸಾಲುಗಳಲ್ಲೆಲ್ಲ ‘ನಾನು’. ಕೈತಪ್ಪಿದ ಕೆಲಸಗಳ ಮುಂದೆ ಮಾತ್ರ ‘ನಾವು’!

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರದ ಪಾಲಾಯಿತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರೆದುರು ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಮಾತನಾಡಲು ಅವರು ಕಲಾಂ ಅವರನ್ನೇ ಮುಂದೆ ಮಾಡಿದರು. ಇದನ್ನು ಕಲಾಂ ಅವರೇ ಮತ್ತೆ ಮತ್ತೆ ಸ್ಮರಿಸುತ್ತಿದ್ದರು.

ಹಿರಿಯ ಹುದ್ದೆಯವರಿಗೆ ಇಂಥ ಔದಾರ್ಯ ಸುಲಭವೆನ್ನೋಣವೇ? ನನಗೇನೋ ಈ ವರ್ಷದ ಬಡ್ತಿಯ ನಂತರ ಅದು ಇನ್ನಷ್ಟು ಕಷ್ಟವಾಗಿದೆ. ಆ ಬಡ್ತಿ ತಂದ ಕೆಲಸದ ಬಹುಪಾಲು ಕಿರಿಯ ಸಹೋದ್ಯೋಗಿಯೊಬ್ಬಳದು. ನಮೂನೆಯಲ್ಲಿ ಆಕೆಯ ಹೆಸರೇ ಇರಲಿಲ್ಲ. ಈಗ ಸೇರಿಸಿದ್ದೇನೆ. ಸಲ್ಲಿಸುವ ಮುನ್ನ ಆಕೆಗೆ ತೋರಿಸಬೇಕು. ಅದಕ್ಕಿನ್ನೂ ಧೈರ್ಯ ಬಂದಿಲ್ಲ.