ಗಾಳದ ಈಚೆಯ ತುದಿ

ಹಸಿದವನು ಮೀನು ಹಿಡಿದರೆ ಅದು ಹೊಟ್ಟೆಪಾಡು. ಉಂಡವನು ಹಿಡಿದರೆ ಅದೇನು? ವಿನೋದವೆನ್ನುವರು ಕೆಲವರು, ಹಿಂಸೆಯೆನ್ನುವರು ಕೆಲವರು. ಎರಡೂ ಅವಸರದ ಉತ್ತರಗಳೆಂದು ನನಗೆ ತೋರುತ್ತದೆ.

ಕಡಲಿನಿಂದ ಬಹುದೂರವಿರುವ ಮನ್ನಾಏಖೇಳ್ಳಿಯಲ್ಲಿ ಕುಳಿತವರಿಗೆ ಕಡಲ ಮೀನಿನ ಚಿಂತೆಯೇಕೆಂದು ಓದುಗರು ನಗಬಹುದು. ಆದರೆ ಬಸವಕಲ್ಯಾಣ ನಮಗೆ ನೆರೆಯ ಊರು. ದುಡಿಮೆಗೆ ಕಾಯಕವೆಂಬ ಘನತೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ತಂದುಕೊಟ್ಟ ನೆಲವಿದು. ಆ ಶರಣರ ಸಾಲಿನಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಇದ್ದನು. ಕಾಯಕವನ್ನು ತೂಗಿ ನೋಡಿದವರ ನಾಡಿನಲ್ಲಿ ಆಟವನ್ನೂ ಒಮ್ಮೆ ತೂಗಿ ನೋಡಬಾರದೆ?

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ವಸಂತ ಬಂದಿತೆಂದರೆ ಹವ್ಯಾಸಿ ಗಾಳಗಾರರು ದೂರದ ಕಡಲಿಗೆ ಹೋಗಿ, ಮುಳುಗಿದ ಹಡಗುಗಳ ನೇರಕ್ಕೆ ಗಾಳ ಇಳಿಬಿಡುತ್ತಾರೆ. ಬರಿಯ ಮರಳು ಹಾಸಿದ ತಳದಲ್ಲಿ ಮುಳುಗಿದ ಹಡಗು ಒಂದು ಬಂಡೆಯಿದ್ದಂತೆ. ಚಿಪ್ಪಿನ ಜೀವಿಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆಸರೆಗಾಗಿ ಸಣ್ಣ ಮೀನುಗಳು ಬರುತ್ತವೆ. ಅವನ್ನು ಅರಸಿ ದೊಡ್ಡವು ಬರುತ್ತವೆ. ತಳದಲ್ಲಿ ಬಲೆ ಎಳೆಯುವ ದೋಣಿಗಳು ಅತ್ತ ಸುಳಿಯಲು ಅಂಜುತ್ತವೆ. ಬಲೆ ಕಬ್ಬಿಣಕ್ಕೆ ಸಿಕ್ಕಿದರೆ ಹರಿದುಹೋಗುತ್ತದೆ. ಹೀಗೆ ಎಳೆಬಲೆಗೆ ನಿಲುಕದ ಆಶ್ರಯವೊಂದು ಮೀನಿಗೆ ದೊರೆಯಿತು. ಗಾಳವಾದರೋ ಅಲ್ಲಿಗೂ ನಿಲುಕುತ್ತದೆ.

ಮುಳುಗಿದ ದೋಣಿ ನಮ್ಮವರಿಗೆ ಬರಿಯ ಮೀನಿನ ನೆಲೆಯಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಿಂದಾಚೆ, ಸುಮಾರು 60 ಮೀಟರ್ ಆಳದಲ್ಲಿ, ಅದರ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿತು. ಹೋದವರು ಮರಳಲಿಲ್ಲ. ಅಂಥ ಕಡಲಿನಲ್ಲಿ ಮೀನು ಹಿಡಿಯುವುದೇ ತಪ್ಪೆಂದು ಹೇಳಲಾರೆ; ಮಲ್ಪೆಯ ಮೀನುಗಾರ ಮರುದಿನವೂ ಅದೇ ನೀರಿಗೆ ಹೋಗಲೇಬೇಕು. ತಾನು ಪಡೆಯುವುದಕ್ಕೆ ಅವನು ಪ್ರಾಣವನ್ನೇ ಒತ್ತೆಯಿಟ್ಟಿದ್ದಾನೆ. ವಿನೋದಕ್ಕೆ ಬಂದವನು ಒತ್ತೆಯಿಟ್ಟಿರುವುದೇನು?

‘ಹಿಡಿದ ಮೀನನ್ನು ಬಿಟ್ಟುಬಿಡುತ್ತೇನಲ್ಲ’ ಎಂಬುದು ಅವನ ಸಮಾಧಾನ. ಆದರೆ 60 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿರುವುದರ ಏಳು ಪಟ್ಟು. ಅಲ್ಲಿಂದ ಸರಕ್ಕನೆ ಮೇಲೆಳೆದ ಮೀನಿನ ಒಡಲಿನ ಗಾಳಿಚೀಲ ಉಬ್ಬಿಹೋಗುತ್ತದೆ. ಕೆಲವು ಜಾತಿಗಳಲ್ಲಿ ಜಠರವೇ ಬಾಯಿಂದ ಹೊರಚಾಚುತ್ತದೆ. ಕರುಳು ಬಾಯಿಗೆ ಬಂದಿತೆಂಬ ನಮ್ಮ ನುಡಿ ಅಲ್ಲಿ ಅಲಂಕಾರವಲ್ಲ. ಹಾಗೆ ಬಿಟ್ಟ ಮೀನು ಎಷ್ಟೋ ವೇಳೆ ತಳಕ್ಕಿಳಿಯಲಾರದೆ ತೇಲುತ್ತ ಸಾಯುತ್ತದೆ. ಬಿಟ್ಟವನ ಮನಸ್ಸಿಗೆ ಬಿಡುಗಡೆಯಾಯಿತೇ ಹೊರತು ಮೀನಿಗಲ್ಲ.

ಹವ್ಯಾಸಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಭಾರ ಕಟ್ಟಿದ ಸಾಧನದಿಂದ ಮೀನನ್ನು ಮತ್ತೆ ಆಳಕ್ಕೆ ಇಳಿಸಿ ಬಿಡುವವರೂ ಇದ್ದಾರೆ. ಕಡಲನ್ನು ಬಿಟ್ಟು ನಮ್ಮ ಕಾವೇರಿಯನ್ನೇ ನೋಡಿದರೆ, ಅಲ್ಲಿನ ಗೂನುಬೆನ್ನಿನ ಮಹಶೀರ್ ಮೀನನ್ನು ಸಿಡಿಮದ್ದು ಹಾಕಿ ಕೊಲ್ಲುವವರಿಂದ ಕಾಯಲು ಕಾವಲಿಟ್ಟವರಲ್ಲಿ ಗಾಳಗಾರರೇ ಮುಂದಿದ್ದರು. ಹಿಡಿಯುವ ಆಸೆಯೇ ಉಳಿಸುವ ಆಸೆಯಾಗಿ ಮಾಗಬಲ್ಲದು. ಆದರೆ ಹಾಗೆ ಮಾಗುವುದಕ್ಕೆ ಮೀನಿನ ಪಾಡನ್ನು ಕಣ್ಣಿಟ್ಟು ನೋಡುವ ತಾಳ್ಮೆ ಬೇಕು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮೀನು ಮರಿ ಮಾಡಲೆಂದು ದುಡಿಯುವವನು ಎರಡು ತಿಂಗಳು ಕೈಕಟ್ಟಿ ಕೂರುತ್ತಾನೆ. ಹೊಟ್ಟೆಪಾಡಿಗೇ ಮಿತಿಯಿರುವಾಗ ವಿನೋದಕ್ಕೆ ಮಿತಿ ಬೇಡವೆನ್ನುವುದು ಯಾವ ನ್ಯಾಯ? ಉಣ್ಣುವಷ್ಟು ಹಿಡಿದು ಗಾಳವನ್ನು ಸುತ್ತಿಡುವುದು. ಮೇಲೆ ಬಂದರೆ ಬದುಕಿ ಹಿಂದಿರುಗಲಾರದ ಮೀನನ್ನು ಬಿಡುವ ನೆಪದಲ್ಲಿ ಹಿಡಿಯದಿರುವುದು: ಇಷ್ಟನ್ನು ಮಾತ್ರ ನಾನು ಕೇಳುತ್ತೇನೆ. ಗಾಳದ ಆಚೆಯ ತುದಿಯಲ್ಲಿರುವ ಮೀನಿಗೆ ಇದು ಆಟವೆಂದು ತಿಳಿಯದು. ಈಚೆಯ ತುದಿಯನ್ನು ಹಿಡಿದವನಿಗೆ ತಿಳಿದಿದೆ. ಆದುದರಿಂದ ಲೆಕ್ಕ ಒಪ್ಪಿಸಬೇಕಾದವನೂ ಅವನೇ.