ಪ್ರಾಗ್ ನಗರದ ಸ್ಮಾರಕವೂ ಶರಣರ ಸ್ಥಾವರ-ಜಂಗಮ ವಿವೇಕವೂ



ಬಸವಾದಿ ಶರಣರು ಲೋಕಕ್ಕೆ ಕರುಣಿಸಿದ ತತ್ತ್ವಗಳಲ್ಲಿ ಸ್ಥಾವರ-ಜಂಗಮ ವಿವೇಕವು ಬಹು ಮುಖ್ಯವಾದುದು. ನಿಂತುದು ಸ್ಥಾವರ, ನಡೆಯುವುದು ಜಂಗಮ. ಕಲ್ಲುಮಣ್ಣಿನಿಂದ ಕಟ್ಟಿದುದು ಎಷ್ಟೇ ಭವ್ಯವಾಗಿರಲಿ, ಒಂದು ದಿನ ಕಾಲನ ಕೈಗೆ ಸಿಕ್ಕತಕ್ಕದ್ದೇ. ಅರಿವು ಆಚಾರವಾಗಿ ಮನುಷ್ಯನಲ್ಲಿ ನಡೆದಾಡತೊಡಗಿದರೆ ಮಾತ್ರ ಅದಕ್ಕೆ ಲಯವಿಲ್ಲ. ಇಂತಹ ಬೋಧೆಯನ್ನಿತ್ತ ಬಸವಣ್ಣನವರಿಗೇ ಇಂದು ಊರೂರಿನ ವೃತ್ತಗಳಲ್ಲಿ ಪ್ರತಿಮೆಗಳು ನಿಂತಿವೆ. ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಮೂರ್ತಿಯಿದೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೂ ಒಂದು ಪ್ರತಿಮೆಯ ಅನಾವರಣವಾಯಿತು. ಇದು ಸಂತೋಷದ ಸಂಗತಿಯೇ. ಆದರೆ ಅಂತಹ ಮೂರ್ತಿಯ ಮುಂದೆ ಕೈಮುಗಿದು ನಿಂತಾಗ ನಾವು ಹೊತ್ತುಕೊಳ್ಳುವ ಹೊಣೆ ಯಾವುದು? ಇದನ್ನು ತಿಳಿಯಲು ಪರಧರ್ಮದ ಒಂದು ದೃಷ್ಟಾಂತವನ್ನು ನೋಡೋಣ. ಸತ್ಯವು ಎಲ್ಲಿದ್ದರೂ ಶಿವನದೇ ಅಲ್ಲವೇ?

ಯೂರೋಪ ಖಂಡದ ನಡುವೆ ಚೆಕ್ ಜನರ ನಾಡಿದೆ. ಅದರ ರಾಜಧಾನಿಯಾದ ಪ್ರಾಗ್ ನಗರದ ಹಳೆಯ ಪೇಟೆಯ ಚೌಕದಲ್ಲಿ ಒಂದು ದೊಡ್ಡ ಸ್ಮಾರಕವಿದೆ. ನಡುವೆ ನಿಂತ ವ್ಯಕ್ತಿ ಯಾನ್ ಹುಸ್ ಎಂಬ ಕ್ರೈಸ್ತ ಪಾದ್ರಿ. ಸುಮಾರು 1370ರಲ್ಲಿ ಹುಟ್ಟಿದ ಈತನು 1402ರಿಂದ ಆ ನಗರದ ಬೆತ್ಲೆಹೆಮ್ ಪ್ರಾರ್ಥನಾಮಂದಿರದಲ್ಲಿ ಉಪದೇಶ ಮಾಡುತ್ತಿದ್ದನು. ಪೂಜೆಯ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಈತನು ಜನರ ಮಾತಾದ ಚೆಕ್ ನುಡಿಯಲ್ಲಿ ಬೋಧಿಸಿದನು. ಅದಕ್ಕೂ ಎರಡೂವರೆ ಶತಮಾನಗಳ ಹಿಂದೆ ನಮ್ಮ ಶರಣರು ಶಿವಾನುಭವವನ್ನು ಕನ್ನಡದಲ್ಲಿ ನುಡಿದುದನ್ನು ಬಲ್ಲ ನಮಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. 1412ರಲ್ಲಿ ಪಾಪಕ್ಷಮೆಯ ಪತ್ರಗಳನ್ನು ಹಣಕ್ಕೆ ಮಾರತೊಡಗಿದಾಗ, ದೇವರ ಕ್ಷಮೆ ಮಾರಾಟದ ಸರಕಲ್ಲವೆಂದು ಹುಸ್ ಸಾರಿದನು. ಗುರುಪೀಠದವರ ಸಿರಿಯ ಮೋಹವನ್ನು ಖಂಡಿಸಿದನು. ಫಲವಾಗಿ ಬಹಿಷ್ಕೃತನಾಗಿ ನಗರವನ್ನು ಬಿಟ್ಟು ಹಳ್ಳಿಗಾಡಿಗೆ ಹೋಗಬೇಕಾಯಿತು.

1414ರಲ್ಲಿ ಕಾನ್‌ಸ್ಟನ್ಸ್ ಎಂಬ ಊರಿನಲ್ಲಿ ಧರ್ಮಮಹಾಸಭೆ ಸೇರಿತು. ರಾಜನಾದ ಸಿಗಿಸ್ಮಂಡನು ಅಭಯಪತ್ರವನ್ನಿತ್ತು ಹುಸ್ಸನನ್ನು ಅಲ್ಲಿಗೆ ಕರೆಯಿಸಿದನು. ಅಭಯಪತ್ರವಿದ್ದರೂ ಬಂದ ಕೆಲವೇ ವಾರಗಳಲ್ಲಿ ಅವನನ್ನು ಸೆರೆಯಲ್ಲಿಟ್ಟರು. ಸಭೆಯು ಅವನಿಂದ ಕೇಳಿದುದು ಒಂದೇ: ತನ್ನ ಮೇಲೆ ಹೊರಿಸಿದ ಮಾತುಗಳನ್ನು ತಪ್ಪೆಂದು ಒಪ್ಪಿ ಬಿಡಬೇಕು. ಅವುಗಳಲ್ಲಿ ಅವನು ಎಂದೂ ಬೋಧಿಸದ ಮಾತುಗಳೂ ಇದ್ದವು. ಆಡದ ಮಾತನ್ನು ಬಿಟ್ಟೆನೆಂದರೆ ಆಡಿದ್ದೆನೆಂದು ಸುಳ್ಳು ಹೇಳಿದಂತೆ; ಆಡಿದ ಮಾತು ತಪ್ಪೆಂದು ಶಾಸ್ತ್ರದಿಂದ ತೋರಿಸಿದರೆ ತಿದ್ದಿಕೊಳ್ಳುವೆನೆಂಬುದು ಅವನ ನಿಲುವು. ತೋರಿಸಿದವರಿಲ್ಲ. ಬಾಯಿಂದ ಒಂದು ಮಾತು ಹೊರಟಿದ್ದರೆ ಪ್ರಾಣ ಉಳಿಯುತ್ತಿತ್ತು. ಮನಸ್ಸು ಒಪ್ಪದುದನ್ನು ಬಾಯಿ ಆಡಲಿಲ್ಲ. 1415ನೆಯ ಜುಲೈ 6ರಂದು ಅವನನ್ನು ಜೀವಂತವಾಗಿ ಸುಟ್ಟು, ಭಕ್ತರ ಕೈಗೆ ಏನೂ ಉಳಿಯಬಾರದೆಂದು ಬೂದಿಯನ್ನು ರೈನ್ ನದಿಗೆ ಚೆಲ್ಲಿದರು.

ಇಲ್ಲಿ ಯೋಚಿಸಿರಿ. ಒಂದು ಹಿಡಿ ಬೂದಿಯೂ ಉಳಿಯದವನಿಗೆ 500 ವರ್ಷಗಳ ತರುವಾಯ ಸ್ಮಾರಕವಾಯಿತು! ಜನರು ಹಣ ಕೂಡಿಸಿ 1903ರಲ್ಲಿ ಅಡಿಗಲ್ಲನ್ನಿಟ್ಟರು. ಶಿಲ್ಪಿ ಲಾದಿಸ್ಲಾವ್ ಶಾಲೌನ್ ಅದನ್ನು ರೂಪಿಸಿದನು. 1915ರಲ್ಲಿ ಮಹಾಯುದ್ಧದ ನಡುವೆ, ಅನಾವರಣದ ಉತ್ಸವವನ್ನು ಅಂದಿನ ಆಸ್ಟ್ರಿಯಾ ಸರಕಾರವು ನಿಷೇಧಿಸಿತು. ಭಾಷಣವಿಲ್ಲ, ಮೆರವಣಿಗೆಯಿಲ್ಲ. ಜನರು ಹೂಗಳನ್ನು ತಂದು ಸ್ಮಾರಕವನ್ನೇ ಮುಚ್ಚಿದರು. ಆ ದಿನ ಕಂಚಿನ ಸ್ಥಾವರವು ಜನರ ಎದೆಯಲ್ಲಿ ಜಂಗಮವಾಯಿತೆನ್ನಬಹುದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಚೌಕದಲ್ಲಿ 1650ರಿಂದ ಏಸುವಿನ ತಾಯಿ ಮರಿಯಳ ಸ್ತಂಭವೊಂದು ನಿಂತಿತ್ತು. 1918ರ ನವೆಂಬರಿನಲ್ಲಿ, ನಾಡು ಸ್ವತಂತ್ರವಾದ ಆವೇಶದಲ್ಲಿ, ಅದನ್ನು ಆಳರಸರ ದರ್ಪದ ಗುರುತೆಂದು ಭಾವಿಸಿದ ಜನರ ಗುಂಪು ಹಗ್ಗ ಹಾಕಿ ಎಳೆದು ಕೆಡವಿತು. ಹುಸ್ಸನೋ ಮರಿಯಳನ್ನು ಪೂಜ್ಯಳೆಂದು ನಂಬಿದ್ದವನು. ಅವನ ಮೂರ್ತಿಯ ಕಣ್ಣೆದುರಿನಲ್ಲಿಯೇ, ಅವನ ನಾಡಿನ ಅಭಿಮಾನಿಗಳಿಂದಲೇ ಆ ಸ್ತಂಭ ಬಿದ್ದಿತು. 2020ರಲ್ಲಿ ಅದನ್ನು ಮತ್ತೆ ನಿಲ್ಲಿಸಲಾಯಿತು. ಇತ್ತ 1999ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಹುಸ್ಸನ ಕ್ರೂರ ಮರಣಕ್ಕಾಗಿ ವಿಷಾದವನ್ನು ವ್ಯಕ್ತಪಡಿಸಿದರು. ಗುರುವಿನ ಮೂರ್ತಿಯನ್ನು ಮೆಚ್ಚಿ ಗುರುವಿನ ಮನಸ್ಸನ್ನು ಮರೆತರೆ ಭಕ್ತಿಯು ಹಗ್ಗವಾಗಿ ಇನ್ನೊಬ್ಬರ ಆರಾಧ್ಯವನ್ನು ಎಳೆಯುತ್ತದೆ. ದಯೆಯನ್ನು ಧರ್ಮದ ಬೇರೆಂದು ತಿಳಿದ ನಮಗೆ ಈ ಎಚ್ಚರಿಕೆ ಸಾಕು.

ಹುಸ್ಸನು ಶರಣನೆಂದು ನಾವು ಹೇಳಹೊರಟಿಲ್ಲ. ಅವನ ಮತ ಬೇರೆ, ಮಾರ್ಗ ಬೇರೆ. ನುಡಿಯೂ ನಡೆಯೂ ಒಂದಾದೆಡೆಯಲ್ಲಿ ಮರಣವು ಸೋಲುತ್ತದೆಂಬ ಒಂದಂಶವನ್ನು ಮಾತ್ರ ಗ್ರಹಿಸಬೇಕು. ನಮ್ಮ ಕಲ್ಯಾಣದಲ್ಲಿಯೂ ಹರಳಯ್ಯ ಮಧುವಯ್ಯಗಳು ಕುಲವಿಲ್ಲವೆಂಬ ನುಡಿಯನ್ನು ತಮ್ಮ ಮಕ್ಕಳ ವಿವಾಹದಲ್ಲಿ ನಡೆಯಾಗಿಸಿ, ಅದಕ್ಕಾಗಿ ಪ್ರಾಣವನ್ನೇ ತೆತ್ತರೆಂದು ಶರಣಚರಿತ್ರೆಗಳು ಸಾರುತ್ತವೆ.

ಆದುದರಿಂದ ಗೃಹಸ್ಥರಾದ ನೀವು ಬಸವ ಜಯಂತಿಯಂದು ಹಾರವನ್ನರ್ಪಿಸಿ ಮನೆಗೆ ಮರಳಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಮಗಳಿಗೆ ವರನನ್ನು ಹುಡುಕುವಾಗ ಒಳಪಂಗಡವನ್ನು ಕೇಳದೆ ಇರಬಲ್ಲೆವೇ? ಅಂಗಡಿಯ ತಕ್ಕಡಿಯೂ ಲೆಕ್ಕದ ಪುಸ್ತಕವೂ ಇಷ್ಟಲಿಂಗದ ಎದುರಿಗೆ ಇಡತಕ್ಕಂತಿವೆಯೇ? ದುಡಿದ ಆಳಿಗೆ ಕೂಲಿಯು ಹೊತ್ತಿಗೆ ಸಂದಿದೆಯೇ? ಯಾರ ಮನೆಯಲ್ಲಿ ಈ ಪ್ರಶ್ನೆಗಳಿಗೆ ನಿರ್ಮಲವಾದ ಉತ್ತರ ದೊರೆಯುವುದೋ ಅವರ ಮನೆಯಲ್ಲಿ ಬಸವಣ್ಣನವರು ನಡೆದಾಡುತ್ತಿದ್ದಾರೆ. ದೊರೆಯದಿದ್ದಲ್ಲಿ ವೃತ್ತದ ಮೂರ್ತಿಯು ಬಿಸಿಲು ಮಳೆಗಳಲ್ಲಿ ನಿಂತು ನಮಗಾಗಿ ಕಾಯುತ್ತಲೇ ಇರುತ್ತದೆ.

ಆ ಕಾಯುವಿಕೆಯನ್ನು ಕೊನೆಗಾಣಿಸುವ ಸದ್ಬುದ್ಧಿಯನ್ನು ಪರಶಿವನು ಸರ್ವರಿಗೂ ಕರುಣಿಸಲಿ.